ಟೊಮೇಟೊ ಕಳ್ಳನೂ ನನ್ನ ಜೂಮ್ ಲೆನ್ಸೂ

ಕಳ್ಳನನ್ನು ನಾನೇ ಹಿಡಿಯುತ್ತೇನೆ. ಹಿಡಿಯುವುದಷ್ಟೇ ಅಲ್ಲ, ಅವನ ಮೂಗಿನ ಮೇಲೆ ಮಚ್ಚೆ ಇದ್ದರೆ ಅದು ಎಡಗಡೆಗೋ ಬಲಗಡೆಗೋ ಎಂಬುದನ್ನೂ ತೋರಿಸಿಕೊಡುತ್ತೇನೆ ಎಂದು ಒಂದು ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು ಘೋಷಿಸಿದೆ. ಸಭೆಯಲ್ಲಿದ್ದವರು ಒಬ್ಬರೇ, ನಮ್ಮ ಯಜಮಾನರು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

“ಯಾವ ಕಳ್ಳ?”

“ಟೊಮೇಟೊ ಕಳ್ಳ.”

“ಹಕ್ಕಿ ಇರಬಹುದು.”

“ಹಕ್ಕಿ ತೊಟ್ಟು ತಿರುಚಿ ಕೀಳೋದಿಲ್ಲ. ಹಕ್ಕಿಗೆ ಹೆಬ್ಬೆರಳಿಲ್ಲ.”

ಅವರು ಪುಟ ತಿರುಗಿಸಿದರು. ತಿರುಗಿಸಿದ್ದು ಹಿಂದಕ್ಕೆ, ಆಗಲೇ ಓದಿ ಮುಗಿಸಿದ್ದ ಪುಟಕ್ಕೆ. ಇದನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ. ನನ್ನ ದೃಷ್ಟಿಯೆಲ್ಲ ದೂರದ ಅಪರಾಧಿಯ ಮೇಲಿತ್ತು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಅದರಲ್ಲೂ ಬೆಳಕು ಮತ್ತು ಮಸೂರ ನನ್ನ ಖಾಸಾ ವಿಷಯ. ನಿವೃತ್ತಿಯಾದ ಮೇಲೆ ಕೆಲವರು ಪ್ರವಾಸ ಹೋಗುತ್ತಾರೆ, ಕೆಲವರು ಸೊಸೆಯಂದಿರಿಗೆ ಬುದ್ಧಿ ಹೇಳುತ್ತಾರೆ. ನಾನು ಟೊಮೇಟೊ ಬೆಳೆದೆ. ನಮ್ಮ ಅಂಗಳಕ್ಕೂ ಪಕ್ಕದ ಮನೆಯ ಅಂಗಳಕ್ಕೂ ನಡುವೆ ಸೊಂಟದೆತ್ತರದ ಗೋಡೆಯೊಂದಿದೆ. ಅದರ ಬುಡಕ್ಕೆ, ಗೇಟಿನ ಪಕ್ಕ, ಕುಂಡಗಳ ಸಾಲು. ಗಿಡಗಳು ನನ್ನ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಮುಂದೆ ಬಂದವು. ಆದರೆ ಯಾವ ಹಣ್ಣನ್ನು ನಾಳೆ ಬೆಳಗ್ಗೆ ಕೀಳೋಣ ಎಂದುಕೊಳ್ಳುತ್ತೇನೋ, ಅದೇ ಹಣ್ಣು ಬೆಳಗ್ಗೆ ಇರುವುದಿಲ್ಲ. ಉಳಿಯುವುದು ತೊಟ್ಟು ಮಾತ್ರ. ಕಳ್ಳನಿಗೆ ಹಣ್ಣಿನ ಬಗ್ಗೆ ಒಳ್ಳೆಯ ತಿಳಿವಳಿಕೆ ಇತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಪಕ್ಕದ ಮನೆಯವರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅಂಗಡಿ ಮುಚ್ಚಿದ ಮೇಲೂ ಅವರನ್ನು ಎಲ್ಲರೂ ಗಡಿಯಾರದವರು ಎಂದೇ ಕರೆಯುತ್ತಾರೆ. ನಮ್ಮ ಯಜಮಾನರು ಹಲ್ಲಿನ ಡಾಕ್ಟರಾಗಿದ್ದವರು. ಇಬ್ಬರೂ ದಿನಾ ಸಂಜೆ ಗಡಿಯಾರದವರ ಮನೆಯಲ್ಲಿ ಚದುರಂಗ ಆಡುತ್ತಾರೆ. ಡಾಕ್ಟರು ಬಿಸಿಲು ಇಳಿಯುವಾಗ ಹೋದರೆ ಕತ್ತಲಾದ ಮೇಲೆ ವಾಪಸು. ಆ ಹೊತ್ತಿನಲ್ಲಿ ಮನೆ ನನ್ನದು, ಆರಾಮ ಕುರ್ಚಿ ನನ್ನದು, ಕೈಯಲ್ಲಿರುವ ಪುಸ್ತಕ ನನ್ನದು. ನಮ್ಮ ದಾಂಪತ್ಯ ಇಷ್ಟು ವರ್ಷ ಗಟ್ಟಿಯಾಗಿ ನಿಂತಿರುವುದಕ್ಕೆ ಪ್ರೀತಿ, ಸಹನೆ ಮುಂತಾದ ಕಾರಣಗಳನ್ನು ಜನ ಊಹಿಸುತ್ತಾರೆ. ನಿಜವಾದ ಕಾರಣ ಆ ಚದುರಂಗದ ಮಣೆ.

ಅಂದೇ ಕ್ಯಾಮೆರಾ ಅಂಗಡಿಗೆ ಹೋದೆ. ಅಂಗಡಿಯವನು ಅಗಲವಾಗಿ ಕಾಣುವ, ಜೂಮ್ ಇಲ್ಲದ ಒಂದು ಸಾದಾ ಕ್ಯಾಮೆರಾ ಮುಂದಿಟ್ಟ.

“ಮನೆಗೆ ಇದು ಸಾಕು, ಮೇಡಂ.”

“ನನಗೆ ಸಾಕಾಗೋದಿಲ್ಲ. ಜೂಮ್ ಇರೋದು ತೋರಿಸಿ.”

ತೋರಿಸಿದ. ಪೆಟ್ಟಿಗೆಯ ಮೇಲೆ ಲೆನ್ಸಿನ ಅಳತೆ ಅಚ್ಚಾಗಿತ್ತು: ಎಫ್ 1.6ರಿಂದ 3.2. ಅದನ್ನು ಕಂಡದ್ದೇ ನನ್ನೊಳಗಿನ ಉಪನ್ಯಾಸಕಿ ಎದ್ದು ನಿಂತಳು.

“ಇದರ ಅರ್ಥ ಗೊತ್ತಾ ನಿಮಗೆ?”

“ಅದು ಕಂಪನಿಯವರು ಹಾಕೋದು, ಮೇಡಂ.”

“ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನೋ ಲೆಕ್ಕ ಇದು. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಅಗಲವಾಗಿ ನೋಡುವಾಗ 1.6. ಪೂರ್ತಿ ಜೂಮ್ ಮಾಡಿದಾಗ 3.2. ಅಂದರೆ ಒಳಗೆ ಬರೋ ಬೆಳಕು ಅರ್ಧ ಆಗೋದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಯಾಕೆ?”

ಅಂಗಡಿಯವನಿಗೆ ಯಾಕೆ ಎಂಬುದು ಬೇಕಿರಲಿಲ್ಲ. ಆದರೂ ಅವನ ಬಿಲ್ ಪುಸ್ತಕದ ಹಿಂದೆ ಚಿತ್ರ ಬರೆದು ವಿವರಿಸಿದೆ. ಮಬ್ಬಿನಲ್ಲಿ ಬೆಳಕು ಸಾಲದಿದ್ದರೆ ಕ್ಯಾಮೆರಾ ಕಣ್ಣು ಮುಚ್ಚದೆ ಹೆಚ್ಚು ಹೊತ್ತು ನೋಡುತ್ತದೆ, ಆಗ ಅಲುಗುವ ವಸ್ತುಗಳೆಲ್ಲ ಕಲಸಿಹೋಗುತ್ತವೆ. ಅದೂ ಸಾಲದೆ ಸಿಕ್ಕಿದ್ದನ್ನೇ ಹಿಗ್ಗಿಸಲು ಹೋದರೆ ಚಿತ್ರದ ತುಂಬ ಚುಕ್ಕಿ ಏಳುತ್ತದೆ ಎಂದು ತಿಳಿಸಿ ಹೇಳಿದೆ. ನನ್ನ ಹಿಂದೆ ನಿಂತಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಹೊರಟುಹೋದರು. ಪ್ರಶ್ನೆಪತ್ರಿಕೆಯಲ್ಲಿ ಇದನ್ನು ನಾನು ಪ್ರತಿ ವರ್ಷ ಕೇಳುತ್ತಿದ್ದೆ, ತಪ್ಪು ಬರೆದವರಿಗೆ ಸೊನ್ನೆ ಕೊಡುತ್ತಿದ್ದೆ ಎಂಬುದನ್ನೂ ಸೇರಿಸಿದೆ. ಅಂಗಡಿಯವನು ಕ್ಯಾಮೆರಾವನ್ನು ಸರಸರನೆ ಕಟ್ಟಿಕೊಟ್ಟ.

ಮನೆಗೆ ಬಂದು ಬಾಗಿಲ ಮೇಲಿನ ಸೂರಿನಡಿ ಅದನ್ನು ಕೂರಿಸಿದ್ದಾಯಿತು. ಸುಡು ಬಿಸಿಲಿನ ಮಧ್ಯಾಹ್ನ. ಟ್ಯಾಬ್ ಕೈಯಲ್ಲಿ ಹಿಡಿದು ಜೂಮ್ ಎಳೆದೆ. ಅಬ್ಬಾ! ಟೊಮೇಟೊ ಗಿಡದ ಕಾಂಡದ ಮೇಲಿನ ನವಿರು ರೋಮ ಕಾಣುತ್ತಿತ್ತು. ಒಂದು ಇರುವೆ ಎಲೆಯ ಮೇಲೆ ನಡೆದುಹೋಯಿತು. ಅದರ ಮುಖಭಾವ ಕೂಡ ಗೊತ್ತಾಗುವಂತಿತ್ತು. ಇನ್ನೂ ಎಳೆದೆ. ಪರದೆಯ ತುಂಬ ಮೂರು ಕೆಂಪು ಹಣ್ಣು, ಬೇರೆ ಏನೂ ಇಲ್ಲ. ಅಲ್ಲಿಗೆ ಬೀಗ ಹಾಕಿದಂತೆ ನಿಲ್ಲಿಸಿದೆ.

“ನೋಡಿ, ರೀ. ಇನ್ನು ಕಳ್ಳ ಬರಲಿ.”

“ಗೇಟು ಕಾಣಿಸೋದೇ ಇಲ್ಲವಲ್ಲೇ. ಗೋಡೆಯೂ ಇಲ್ಲ.”

“ಕಳ್ಳತನ ಆಗೋದು ಹಣ್ಣಿಂದು. ಗೇಟನ್ನ ಯಾರೂ ಹೊತ್ತುಕೊಂಡು ಹೋಗಿಲ್ಲ.”

“ಅಲ್ಲ, ನಾನು ಬಾಯೊಳಗೆ ನೋಡುವಾಗ ಮೊದಲು ದೀಪ ಎಳೆದುಕೊಳ್ತಿದ್ದೆ. ಆಮೇಲೆ ಹತ್ತಿರ ಬಗ್ಗುತ್ತಿದ್ದೆ.”

“ಇದು ಬಾಯಲ್ಲ. ಇದು ಆಪ್ಟಿಕ್ಸ್.”

ಅವರು ತಲೆಯಾಡಿಸಿದರು. ಆಡಿಸುವಾಗ ಅವರ ಮುಖದಲ್ಲಿ ನೆಮ್ಮದಿಯಂಥದ್ದು ಏನೋ ಸುಳಿಯಿತು. ನನ್ನ ವಾದಕ್ಕೆ ತಲೆಬಾಗಿದ್ದಾರೆ ಎಂದುಕೊಂಡೆ.

ಅದೇ ದಿನ ಗಡಿಯಾರದವರ ಹೆಂಡತಿ ಎಂದಿನಂತೆ ಒಂದು ಬಾಟಲಿ ಟೊಮೇಟೊ ಸಾಸ್ ಕಳುಹಿಸಿಕೊಟ್ಟರು. ಆಕೆಗೆ ಎರಡು ಹವ್ಯಾಸ: ಸಾಸ್ ಮಾಡುವುದು, ಉಣ್ಣೆ ಹೆಣೆಯುವುದು. ಗಡಿಯಾರದವರ ತಲೆಯ ಮೇಲೆ ಸದಾ ಇರುವ, ತುದಿಗೆ ಗೊಂಡೆ ಕಟ್ಟಿದ ಟೋಪಿಯೂ ಆಕೆಯ ಕೈಕೆಲಸವೇ. ಸಾಸ್ ಮಾತ್ರ ಬಹಳ ಚೆನ್ನಾಗಿತ್ತು.

“ಎಲ್ಲಿಂದ ತರ್ತಾರಂತೆ ಹಣ್ಣು?” ಎಂದು ಯಜಮಾನರನ್ನು ಕೇಳಿದೆ. “ನಮ್ಮ ಗಿಡದ ಹಣ್ಣಿಗೆ ಈ ರುಚಿ ಬರೋದಕ್ಕೆ ಸಾಧ್ಯವೇ ಇಲ್ಲ. ಮಣ್ಣು ಬೇರೆ.”

ಅವರಿಗೆ ಗಂಟಲಲ್ಲಿ ಬ್ರೆಡ್ಡು ಸಿಕ್ಕಿಕೊಂಡಿತು. ನೀರು ಕೊಟ್ಟೆ.

ಮರುದಿನ ಬೆಳಗ್ಗೆ ನೋಡಿದರೆ ಮೂರರಲ್ಲಿ ಒಂದು ಹಣ್ಣು ಮಾಯ. ನನಗೆ ಬೇಸರವಾಗಲಿಲ್ಲ, ಖುಷಿಯಾಯಿತು. ಹಿಂದಿನ ಸಂಜೆಯ ಚಿತ್ರ ಹಾಕಿದೆ.

ಬಿಸಿಲಿನಲ್ಲಿ ಇರುವೆಯ ಮನಸ್ಸು ಓದಿದ್ದ ಕ್ಯಾಮೆರಾ, ಮಬ್ಬಿನಲ್ಲಿ ಗೋಣಿಚೀಲದೊಳಗಿಂದ ನೋಡಿದಂತೆ ನೋಡಿತ್ತು. ಪರದೆಯ ತುಂಬ ಬೂದು ಬಣ್ಣದ ಚುಕ್ಕಿಗಳು ಕುದಿಯುತ್ತಿದ್ದವು. ಅವುಗಳ ನಡುವೆ ಹಣ್ಣು ಎಲ್ಲಿ, ಎಲೆ ಎಲ್ಲಿ ಎಂದು ನಾನೇ ನೆನಪಿನಿಂದ ತುಂಬಿಕೊಳ್ಳಬೇಕಾಗಿತ್ತು. ಅಷ್ಟರಲ್ಲಿ ಒಂದು ಆಕೃತಿ ಬಂತು. ಬಂತು ಎನ್ನುವುದಕ್ಕಿಂತ, ಒದ್ದೆ ಬಟ್ಟೆಯಿಂದ ಒರೆಸಿದಂತೆ ಚಿತ್ರದ ಮೇಲೆ ಬಳಿದುಕೊಂಡಿತು. ಬಗ್ಗಿತು. ಒಂದು ಕೈ, ಅಥವಾ ಮೂರು ಕೈ, ಮುಂದೆ ಚಾಚಿತು. ಹೋಯಿತು. ಮುಖವಿಲ್ಲ, ಮೂಗಿಲ್ಲ, ಮಚ್ಚೆಯ ಮಾತಂತೂ ಇಲ್ಲವೇ ಇಲ್ಲ. ಆದರೆ ತಲೆಯ ಮೇಲೆ ಒಂದು ದುಂಡನೆಯ ಉಬ್ಬು, ಅದರ ತುದಿಗೆ ಇನ್ನೊಂದು ಪುಟ್ಟ ಉಬ್ಬು ಇದ್ದವು.

ಗೊಂಡೆ!

ಇಲ್ಲಿ ನನ್ನ ಬುದ್ಧಿ ಕೆಲಸ ಮಾಡಬೇಕಿತ್ತು. ಕ್ಯಾಮೆರಾ ಯಾಕೆ ಹೀಗೆ ನೋಡಿತು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕಾಣದಿದ್ದುದನ್ನು ಕಂಡೆನೆಂದು ನಂಬುವ ವಿದ್ಯಾರ್ಥಿಗಳನ್ನು ಗದರಿಸುತ್ತಿದ್ದ ನಾನೇ ಟ್ಯಾಬ್ ಎತ್ತಿಕೊಂಡು ಪಕ್ಕದ ಮನೆಗೆ ನಡೆದೆ. ಯಜಮಾನರು ಹಿಂದಿನಿಂದ “ಬೇಡ ಕಣೆ, ಯಾರಾದರೂ ಆಗಿರಬಹುದು” ಎನ್ನುತ್ತಿದ್ದರು. ಗೇಟಿನ ತನಕ ಬಂದವರು ಅಲ್ಲಿಂದ ಮುಂದಕ್ಕೆ ಬರಲಿಲ್ಲ.

ಗಡಿಯಾರದವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಳೆಯ ಅಲಾರಂ ಬಿಚ್ಚಿ ಕೂತಿದ್ದರು. ತಲೆಯ ಮೇಲೆ ಟೋಪಿ. ನಾನು ಟ್ಯಾಬನ್ನು ಅವರ ಮುಂದೆ ಹಿಡಿದೆ.

“ಗಡಿಯಾರದವರೇ, ಇದು ಯಾರು?”

ಅವರು ಭೂತಗನ್ನಡಿಯಲ್ಲೇ ನೋಡಿದರು. “ಬರೀ ಚುಕ್ಕಿ ಕಾಣಿಸ್ತಿದೆ, ಮೇಡಂ.”

“ಚುಕ್ಕಿ ಬಿಡಿ. ಆಕಾರ ನೋಡಿ. ಟೋಪಿ ನೋಡಿ. ನನ್ನ ಟೊಮೇಟೊ ಕೀಳ್ತಿರೋ ಈ ಮನುಷ್ಯನ ಟೋಪಿಗೆ ಗೊಂಡೆ ಇದೆ. ಈ ಬೀದೀಲಿ ಅಂಥ ಟೋಪಿ ಯಾರದು?”

ಅಡುಗೆಮನೆಯಿಂದ ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದರು. “ಟೊಮೇಟೊನಾ? ಅಯ್ಯೋ, ಅದು...”

“ನೀನು ಸುಮ್ನಿರು,” ಎಂದರು ಗಡಿಯಾರದವರು.

ಹೆಂಡತಿಯ ಬಾಯಿ ಮುಚ್ಚಿಸುವ ಗಂಡ ನಿರಪರಾಧಿಯಾಗಿದ್ದುದನ್ನು ನಾನು ಕಂಡಿಲ್ಲ. ನನ್ನ ಅನುಮಾನ ಗಟ್ಟಿಯಾಯಿತು.

“ಇವರಿಗೆ ಬಗ್ಗೋದಕ್ಕೇ ಆಗೋದಿಲ್ಲ, ಪ್ರೊಫೆಸರಮ್ಮ,” ಎಂದರು ಆಕೆ. “ಸೊಂಟ ಹಿಡಿದುಕೊಂಡಿದೆ. ಚಪ್ಪಲಿ ಹಾಕೋದಕ್ಕೂ ನಾನೇ ಬೇಕು.”

“ಹಣ್ಣಿನ ಮುಂದೆ ಎಂಥೆಂಥ ಸೊಂಟಗಳೋ ಬಗ್ಗುತ್ತವೆ.”

ಗಡಿಯಾರದವರು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಕಿಟಕಿಯಾಚೆ ನಮ್ಮ ಗೇಟಿನ ಕಡೆ ಒಮ್ಮೆ ನೋಡಿದರು. ಅಲ್ಲಿ ನಮ್ಮ ಯಜಮಾನರು ಗೇಟಿನ ಚಿಲಕವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು.

“ನಾನೇ ಅಂತ ನಿಮಗೆ ಅನ್ನಿಸಿದ್ರೆ ನಾನೇ ಅಂತ ಇಟ್ಕೊಳ್ಳಿ, ಮೇಡಂ. ಡಾಕ್ಟ್ರಿಗೆ ಹೇಳಿ, ಇನ್ಮೇಲೆ ಆಟ ಬೇಡ.”

ಮರುದಿನದಿಂದ ಟೊಮೇಟೊ ಕಳುವಾಗುವುದು ನಿಂತಿತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ? ಹಣ್ಣುಗಳು ಗಿಡದಲ್ಲೇ ಕೆಂಪಾಗಿ, ಇನ್ನೂ ಕೆಂಪಾಗಿ, ನಾನು ಕೀಳುವ ತನಕ ಕಾದು ನಿಂತವು. ವಿಜ್ಞಾನ ಗೆದ್ದಿತ್ತು.

ಸೋತದ್ದು ನನ್ನ ಸಂಜೆ. ಬಿಸಿಲು ಇಳಿಯುವ ಹೊತ್ತಿಗೆ ನಾನು ಆರಾಮ ಕುರ್ಚಿಯಲ್ಲಿ ಪುಸ್ತಕ ತೆರೆದರೆ ಎದುರಿಗೆ ಯಜಮಾನರು.

“ಏನು ಓದ್ತಿದೀಯ?”

“ಪುಸ್ತಕ.”

“ಚೆನ್ನಾಗಿದೆಯಾ?”

“ಓದಿದ ಮೇಲೆ ಗೊತ್ತಾಗುತ್ತೆ. ಓದಲು ಬಿಟ್ಟರೆ.”

ಆಮೇಲೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಡಬ್ಬಗಳ ಸದ್ದು. ನಾನು ಹೋಗಿ ನೋಡಿದರೆ ಎಲ್ಲವನ್ನೂ ಕೆಳಗಿಳಿಸಿ ಎತ್ತರದ ಪ್ರಕಾರ ಜೋಡಿಸುತ್ತಿದ್ದಾರೆ. ಉಪ್ಪು ಹುಡುಕುವುದಕ್ಕೆ ನನಗೆ ನಕ್ಷೆ ಬೇಕಾಯಿತು. ಇನ್ನೊಂದು ಸಂಜೆ ಕನ್ನಡಿ ಹಿಡಿದು ನನ್ನ ಹತ್ತಿರ ಬಂದು, “ಸ್ವಲ್ಪ ಬಾಯಿ ತೆಗಿ, ಎಡಗಡೆ ಕೆಳಗಿನ ದವಡೆ ನೋಡಿ ಬಹಳ ದಿನ ಆಯ್ತು” ಎಂದರು. ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ನಿಂತು ಚಾಕು ಹಿಡಿಯುವ ಕೋನ ಸರಿಯಿಲ್ಲ ಎಂದರು. ಚದುರಂಗದ ಮಣೆಯನ್ನು ತಾವೇ ಹಾಸಿ, ಎರಡೂ ಕಡೆ ಕೂತು ಆಡಲು ನೋಡಿದರು. ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆಗೆ ಹೋಗುವಾಗ ದೊಡ್ಡದಾಗಿ ನಿಟ್ಟುಸಿರು ಬಿಡುತ್ತಿದ್ದರು. ಎರಡೂ ಕಡೆಯಿಂದ ಸೋತರು.

ಮರುಕ ಎಂಬುದು ನನ್ನ ಸ್ವಭಾವದಲ್ಲಿ ಇಲ್ಲ. ಆದರೂ ಆ ಖಾಲಿ ಕುರ್ಚಿಯ ಎದುರು ಕೂತು ಅವರು “ನಿಮ್ಮ ನಡೆ” ಎಂದು ಅಭ್ಯಾಸಬಲದಿಂದ ಹೇಳಿದಾಗ ನನ್ನ ಪುಸ್ತಕದ ಸಾಲು ತಪ್ಪಿಹೋಯಿತು.

“ಅವರು ಕ್ಷಮೆ ಕೇಳಲಿ, ಆಡಿ. ನಾನೇನು ಬೇಡ ಅಂದೆನಾ?”

“ಅವರು ಯಾಕೆ ಕೇಳ್ತಾರೆ?” ಎಂದರು. ಆಮೇಲೆ, ಮಾತು ತಿರುಗಿಸುವಂತೆ, “ಅಲ್ಲ, ಅಷ್ಟು ಒಳ್ಳೆ ಕ್ಯಾಮೆರಾ, ಮಧ್ಯಾಹ್ನ ಅಷ್ಟು ಚೆನ್ನಾಗಿ ಕಂಡಿದ್ದು ಸಂಜೆಗೆ ಯಾಕೆ ಹಾಗೆ ಕುರುಡಾಯ್ತು? ಹಾಳಾಗಿದೆಯೇನೋ. ಅಂಗಡಿಯವನಿಗೆ ವಾಪಸು ಕೊಡು.”

ಈ ಮಾತು ನನಗೆ ಹಿಡಿಸಿತು. ದೋಷ ವಸ್ತುವಿನದಾದರೆ ಅದನ್ನು ಸಹಿಸುವ ಅಗತ್ಯವಿಲ್ಲ. ಅಂಗಡಿಯವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದು ಕ್ಯಾಮೆರಾದ ಪೆಟ್ಟಿಗೆ ಹುಡುಕಿ ತಂದೆ. ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು: ಎಫ್ 1.6ರಿಂದ 3.2.

ನಾನು ಕುರ್ಚಿಯಲ್ಲಿ ಕೂತೆ.

ಪೂರ್ತಿ ಜೂಮ್ ಮಾಡಿದಾಗ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅಲುಗುವ ವಸ್ತು ಕಲಸಿಹೋಗುತ್ತದೆ. ಚಿತ್ರದ ತುಂಬ ಚುಕ್ಕಿ ಏಳುತ್ತದೆ. ಯಾಕೆ? ಯಾಕೆಂಬುದನ್ನು ಅಂಗಡಿಯವನ ಬಿಲ್ ಪುಸ್ತಕದ ಹಿಂದೆ ಚಿತ್ರ ಸಹಿತ ಬರೆದುಕೊಟ್ಟು ಬಂದವಳು ನಾನು. ಬಂದು ನೇರವಾಗಿ ಕೊನೆಯ ತುದಿಯ ತನಕ ಜೂಮ್ ಎಳೆದವಳೂ ನಾನು. ನನ್ನ ಉತ್ತರಪತ್ರಿಕೆಗೆ ನಾನೇ ಕೊಡಬೇಕಾದ ಅಂಕ ಎಷ್ಟೆಂದು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಇದನ್ನು ಯಜಮಾನರಿಗೆ ಹೇಳಲಿಲ್ಲ. ಎಲ್ಲವನ್ನೂ ಗಂಡನಿಗೆ ಹೇಳಬೇಕೆಂಬ ನಿಯಮವಿಲ್ಲ. ಮರುದಿನ ಸಂಜೆ, ಮಬ್ಬು ಕವಿಯುವ ಹೊತ್ತಿಗೆ, ಅವರು ಸ್ನಾನಕ್ಕೆ ಹೋಗುವುದನ್ನು ಕಾದು, ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳಿದ ಮೇಲೆ ಟ್ಯಾಬ್ ತೆಗೆದು ಜೂಮನ್ನು ಹಿಂದಕ್ಕೆ ಬಿಟ್ಟೆ. ಚುಕ್ಕಿಗಳು ಅಡಗಿದವು. ಚಿತ್ರ ತಿಳಿಯಾಗುತ್ತ ಬಂತು. ಹಣ್ಣು ಗುಂಡುಸೂಜಿಯ ತಲೆಯಷ್ಟಾಯಿತು, ಆದರೆ ಅಂಗಳ ಕಂಡಿತು, ಗೇಟು ಕಂಡಿತು, ಗೋಡೆ ಕಂಡಿತು. ಗೇಟಿನ ದೀಪದ ಬೆಳಕಿನಲ್ಲಿ ಕುಂಡದ ಮುಂದೆ ಬಗ್ಗಿ ನಿಂತ ಒಬ್ಬ ಮನುಷ್ಯನೂ ಕಂಡ.

ತಲೆಯ ಮೇಲೆ ಗೊಂಡೆಯ ಟೋಪಿ.

ಮತ್ತೆ ಬಂದಿದ್ದಾರೆ! ಮಾನ ಹೋದ ಮೇಲೂ ಹಣ್ಣಿನ ಚಪಲ ಹೋಗಿಲ್ಲ! “ರೀ, ಕಳ್ಳ ಬಂದಿದಾನೆ, ಬನ್ನಿ” ಎಂದು ಬಚ್ಚಲಿನ ಕಡೆ ಕೂಗಿದೆ. ನೀರು ಸುರಿಯುತ್ತಲೇ ಇತ್ತು. ಈ ಸಲ ಸಾಕ್ಷಿ ಸಮೇತ ಸಿಕ್ಕಿಬೀಳಲಿ ಎಂದು ಪಕ್ಕದ ಮನೆಗೆ ಫೋನು ಮಾಡಿದೆ. ಎತ್ತಿದ್ದು ಅವರ ಹೆಂಡತಿ.

“ನಿಮ್ಮ ಯಜಮಾನರು ಎಲ್ಲಿ?” ಎಂದೆ.

“ಇಲ್ಲೇ ನನ್ನೆದುರಿಗೆ. ಬೆನ್ನಿಗೆ ಬಿಸಿನೀರಿನ ಚೀಲ ಇಟ್ಕೊಂಡು ಕೂತಿದಾರೆ. ಕೊಡಲಾ?”

“ಬೇಡ. ಅಂದರೆ, ಕೊಡಿ.”

“ಹೇಳಿ, ಮೇಡಂ,” ಎಂದಿತು ಗಡಿಯಾರದವರದೇ ಧ್ವನಿ.

ಪರದೆಯ ಮೇಲೆ ಕಳ್ಳ ಇನ್ನೂ ಬಗ್ಗಿಯೇ ಇದ್ದ. ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಇರಲಾರ, ಇದೂ ಭೌತಶಾಸ್ತ್ರವೇ. ನಾನು ನೋಡುತ್ತಿದ್ದಂತೆ ಕಳ್ಳ ಹಣ್ಣು ತಿರುಚಿ ಕಿತ್ತ, ಅಂಗಿಗೆ ಒರೆಸಿದ, ನೆಟ್ಟಗೆ ನಿಂತು ದೀಪದ ಕಡೆ ತಿರುಗಿದ. ಮೂಗು ಸ್ಪಷ್ಟವಾಗಿ ಕಂಡಿತು. ಮಚ್ಚೆ ಬಲಗಡೆಗಿತ್ತು. ಮದುವೆಯಾದಂದಿನಿಂದ ನನ್ನ ಎದುರಿಗೇ ಕೂತು ಊಟ ಮಾಡುತ್ತಿರುವ ಮಚ್ಚೆ.

ಫೋನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ.

“ಸ್ನಾನ ಆಯ್ತಾ?”

ಬಚ್ಚಲಿನ ನಲ್ಲಿ ತೆರೆದಿಟ್ಟು ಹಿತ್ತಿಲ ಬಾಗಿಲಿನಿಂದ ಹೊರಬಿದ್ದಿದ್ದ ಯಜಮಾನರು ಹಣ್ಣನ್ನು ಬೆನ್ನ ಹಿಂದೆ ಹಿಡಿದರು.

“ಆ ಟೋಪಿ ಎಲ್ಲಿಂದ ಬಂತು?”

“ಅವರ ಹೆಂಡತಿ ಇಬ್ಬರಿಗೂ ಹೆಣೆದಿದ್ದರು. ನಿನಗೆ ಇಷ್ಟ ಆಗೋದಿಲ್ಲ ಅಂತ ನನ್ನದನ್ನ ತೋರಿಸದೆ ಕೋಟಿನ ಜೇಬಲ್ಲಿ ಇಟ್ಕೊಂಡಿರ್ತೀನಿ. ಹೊರಗೆ ಥಂಡಿ.”

“ಹಣ್ಣು?”

“ಪಂದ್ಯ. ಸೋತರೆ ಒಂದು ಟೊಮೇಟೊ. ಆಟ ಮುಗಿಸಿ ಬಂದು ಕಿತ್ತು, ಗೋಡೆ ಮೇಲಿಂದ ಕೊಡ್ತಿದ್ದೆ. ಹಳೇ ಆಟ ಒಂದರದ್ದು ಬಾಕಿ ಉಳಿದಿತ್ತು. ಅದನ್ನ ಗೋಡೆ ಮೇಲಿಟ್ಟು ತಪ್ಪಾಯ್ತು ಅನ್ನೋಣ ಅಂತ...”

“ದಿನಾ ಸೋಲ್ತೀರಾ?”

“ಅವರು ಗಡಿಯಾರ ರಿಪೇರಿ ಮಾಡಿದೋರು ಕಣೆ. ತಾಳ್ಮೆ ಜಾಸ್ತಿ.”

“ಗೆದ್ದರೆ ನಿಮಗೇನು ಸಿಗುತ್ತೆ?”

“ಗೊತ್ತಿಲ್ಲ. ಇನ್ನೂ ಗೆದ್ದಿಲ್ಲ.”

“ಚಿತ್ರ ತೋರಿಸಿದಾಗ ಬಾಯಿ ಬಿಡಬಾರದಿತ್ತಾ?”

“ನಾನೇ ಅಂತ ನನಗೂ ಗುರುತು ಸಿಗಲಿಲ್ಲ,” ಎಂದರು ಗಂಭೀರವಾಗಿ. “ಅಷ್ಟು ಕತ್ತಲು.”

ಕೈಯಲ್ಲಿದ್ದ ಫೋನಿನಿಂದ ಕೆಮ್ಮಿದ ಸದ್ದು ಬಂತು. ನಾನು ಅದನ್ನು ಇಟ್ಟೇ ಇರಲಿಲ್ಲ. ಗೋಡೆಯಾಚೆಯ ದೀಪ ಹೊತ್ತಿಕೊಂಡಿತು. ಗಂಡ ಹೆಂಡತಿ ಇಬ್ಬರೂ ಬಾಗಿಲಿಗೆ ಬಂದರು. ಗಡಿಯಾರದವರ ಬೆನ್ನಿಗೆ ಬಿಸಿನೀರಿನ ಚೀಲ ಇನ್ನೂ ಕಟ್ಟಿಯೇ ಇತ್ತು.

ಕ್ಷಮೆ ಕೇಳುವುದರಲ್ಲಿ ನನಗೆ ಅಭ್ಯಾಸ ಕಡಿಮೆ. ಆದ್ದರಿಂದ ನೇರವಾಗಿ ಹೇಳಿದೆ. “ಗಡಿಯಾರದವರೇ, ತಪ್ಪು ನನ್ನದು. ನಿಮ್ಮದು ಏನೂ ಇಲ್ಲ. ನನ್ನ ಕ್ಯಾಮೆರಾದ ತಪ್ಪೂ ಅಲ್ಲ.”

“ಹೋಗಲಿ ಬಿಡಿ, ಮೇಡಂ. ನನ್ನ ಸೊಂಟ ಬಗ್ಗುತ್ತೆ ಅಂತ ಈ ಲೋಕದಲ್ಲಿ ನಂಬಿದೋರು ನೀವೊಬ್ರೇ. ಒಂಥರಾ ಖುಷಿಯಾಯ್ತು.”

“ಮತ್ತೆ ನೀವಾದರೂ ನಿಜ ಹೇಳಬಾರದಿತ್ತಾ?”

“ಡಾಕ್ಟ್ರು ಗೇಟಿನ ಹತ್ರ ನಿಂತಿದ್ರಲ್ಲ. ಅವರೇ ಬಂದು ಹೇಳ್ತಾರೆ ಅಂತ ಕಾದೆ. ಬರಲಿಲ್ಲ. ಅದಕ್ಕೇ ಕೋಪ ಬಂತು, ನಿಮ್ಮ ಮೇಲಲ್ಲ.”

ಯಜಮಾನರು ಹಣ್ಣನ್ನು ಗೋಡೆಯ ಮೇಲಿಂದ ಚಾಚಿದರು. ಗಡಿಯಾರದವರು ಸ್ವಲ್ಪ ಹೊತ್ತು ಅದನ್ನೇ ನೋಡಿ, ತೆಗೆದುಕೊಂಡರು. ಅಲ್ಲಿಗೆ ಅದು ಮುಗಿಯಿತು. ಗಂಡಸರ ಜಗಳಗಳಿಗೆ ಇಷ್ಟೇ ಸಾಕಾಗುತ್ತದೆ.

ಅವರ ಹೆಂಡತಿ ಮಾತ್ರ ಮುಗಿಸಿರಲಿಲ್ಲ. “ಏನೇ ಹೇಳಿ, ಪ್ರೊಫೆಸರಮ್ಮ, ಟೋಪಿ ಹಾಕಿದ ತಕ್ಷಣ ಕಟ್ಟಿಕೊಂಡ ಗಂಡನ ಗುರುತು ಸಿಗಲಿಲ್ಲವಾ?”

“ಲೆನ್ಸಿನ ಬಾಯಿ ಚಿಕ್ಕದಾಗಿತ್ತು,” ಎಂದೆ. ಬೇರೆ ವಿಷಯ ಬೇಕಾಗಿತ್ತು. “ಅದಿರಲಿ, ನಿಮ್ಮ ಸಾಸ್ ಬಹಳ ಚೆನ್ನಾಗಿದೆ. ಹಣ್ಣು ಎಲ್ಲಿಂದ ತರ್ತೀರಿ?”

ಯಜಮಾನರು ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡರು.

“ಎಲ್ಲಿಂದ ಅಂದ್ರೆ? ನಿಮ್ಮದೇ ಅಲ್ಲವಾ?” ಎಂದರು ಆಕೆ. “ನೀವೇ ಪ್ರೀತಿಯಿಂದ ಕಳಿಸ್ತಿದೀರಿ ಅಂತ ಡಾಕ್ಟ್ರು ಹೇಳಿದ್ರು. ಸುಮ್ಮನೆ ಇಸ್ಕೊಳ್ಳೋದು ಹೇಗೆ ಅಂತಾನೇ ನಾನು ಬಾಟಲಿ ಕೊಟ್ಟು ಕಳಿಸ್ತಿದ್ದಿದ್ದು. ಅವತ್ತು ನೀವು ಬಂದಾಗ ಅದನ್ನೇ ಹೇಳೋದಕ್ಕೆ ಹೊರಟೆ, ಇವರು ಬಿಡಲಿಲ್ಲ.”

ಆ ಮಣ್ಣು ಬೇರೆ ಎಂದು ನಾನು ಹೇಳಿದ್ದನ್ನು ಯಜಮಾನರು ಈಗ ನೆನಪಿಸಲಿಲ್ಲ. ಅಷ್ಟರ ಮಟ್ಟಿಗೆ ಅವರು ಬುದ್ಧಿವಂತರು.

ಮರುದಿನ ಸಂಜೆ ಬಿಸಿಲು ಇಳಿಯುವಾಗ ಡಾಕ್ಟರು ಟೋಪಿ ಹಾಕಿಕೊಂಡೇ ಹೊರಟರು. ನಾನು ಆರಾಮ ಕುರ್ಚಿಯಲ್ಲಿ ಪುಸ್ತಕ ತೆರೆದೆ. ಮನೆಯಲ್ಲಿ ಒಂದು ಸದ್ದಿಲ್ಲ; ಡಬ್ಬಗಳು ತಮ್ಮ ತಮ್ಮ ಜಾಗಕ್ಕೆ ಮರಳಿದ್ದವು. ತಪ್ಪಿಹೋಗಿದ್ದ ಸಾಲು ಸಿಕ್ಕಿತು. ಕತ್ತಲು ಕವಿಯುವ ಹೊತ್ತಿಗೆ ಅಂಗಳದಲ್ಲಿ ಯಾರೋ ಓಡಾಡುತ್ತಿದ್ದಾರೆಂದು ಟ್ಯಾಬ್ ಟಿಣ್ ಎಂದಿತು. ಅಗಲವಾದ, ತಿಳಿಯಾದ ಚಿತ್ರ. ಗೇಟಿನ ದೀಪದಡಿ ಗೊಂಡೆಯ ಟೋಪಿಯ ಮನುಷ್ಯನೊಬ್ಬ ಬಗ್ಗಿ ಎದ್ದು, ಕ್ಯಾಮೆರಾದ ಕಡೆ ತಿರುಗಿ, ಎರಡು ಕೈಯಲ್ಲಿ ಎರಡು ಟೊಮೇಟೊ ಎತ್ತಿ ತೋರಿಸಿದ. ಈ ದಿನ ಎರಡು ಆಟ ಸೋತಿದ್ದರು. ಇಷ್ಟು ದಿನ ಆಡದೆ ಕೈ ತಪ್ಪಿತ್ತೋ, ಇಲ್ಲ ಸಾಸ್ ಮುಗಿಯುತ್ತ ಬಂತೆಂದು ಬೇಕೆಂದೇ ಸೋತಿದ್ದರೋ, ಅವರ ಮುಖ ಹತ್ತಿರದಿಂದ ನೋಡಿದರೆ ತಿಳಿಯುತ್ತಿತ್ತು.

ಹತ್ತಿರಕ್ಕೆ ಎಳೆದು ನೋಡಬಹುದಿತ್ತು. ಬೆರಳು ಜೂಮಿನ ಮೇಲೆ ಹೋಗಿಯೂ ಹೋಯಿತು. ಆಮೇಲೆ ಬೆಳಕಿನ ಲೆಕ್ಕ ನೆನಪಾಗಿ, ಕೈ ಹಿಂದಕ್ಕೆ ತೆಗೆದುಕೊಂಡು ಪುಟ ತಿರುಗಿಸಿದೆ.